ಒಡೆಯದ ಅಲೆಯ ಲೆಕ್ಕ

1834ರ ಆಗಸ್ಟ್‌. ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ಜೋಡಿ ಕುದುರೆಗಳು ಎಳೆಯುತ್ತಿದ್ದ ದೋಣಿ ಥಟ್ಟನೆ ನಿಂತಿತು. ಅದರ ಮುಂಭಾಗದಲ್ಲಿ ಗುಡ್ಡೆಯಾಗಿದ್ದ ನೀರು ಮಾತ್ರ ನಿಲ್ಲದೆ, ಒಂದೇ ಒಂದು ನುಣುಪಾದ ದಿಬ್ಬವಾಗಿ ಮುಂದೆ ಸಾಗಿತು. ದಡದಲ್ಲಿದ್ದ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆಯ ಮೇಲೆ ಅದನ್ನು ಬೆನ್ನಟ್ಟಿದರು. ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರದ ಆ ಅಲೆ ಗಂಟೆಗೆ 8–9 ಮೈಲಿ ವೇಗದಲ್ಲಿ ಓಡುತ್ತಿತ್ತು. ಎತ್ತರ ನಿಧಾನವಾಗಿ ತಗ್ಗಿತೇ ಹೊರತು ಆಕಾರ ಕೆಡಲಿಲ್ಲ. ಒಂದೆರಡು ಮೈಲಿಯಾದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು.

ರಸೆಲ್ ಅಲ್ಲಿಗೇ ಬಿಡಲಿಲ್ಲ. ತೊಟ್ಟಿ ಕಟ್ಟಿ, ಅದರಲ್ಲಿ ಅಂಥದೇ ಅಲೆಗಳನ್ನು ಎಬ್ಬಿಸಿ ಅಳೆದರು. ಸಿಕ್ಕ ನಿಯಮ ಚಿಕ್ಕದು: ನೀರಿನ ಆಳಕ್ಕೆ ಅಲೆಯ ಎತ್ತರವನ್ನು ಕೂಡಿಸಿ, ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ, ವರ್ಗಮೂಲ ತೆಗೆದರೆ ಅಲೆಯ ವೇಗ ಬರುತ್ತದೆ. ಅಂದರೆ ಎತ್ತರದ ಅಲೆ ಹೆಚ್ಚು ವೇಗವಾಗಿ ಓಡುತ್ತದೆ.

1844ರ ಅವರ ವರದಿಯನ್ನು ಘಟಾನುಘಟಿಗಳು ಒಪ್ಪಲಿಲ್ಲ. ಅವರಲ್ಲಿ ರಾಜಖಗೋಳಜ್ಞ ಜಾರ್ಜ್ ಏರಿ ಪ್ರಮುಖರು. ಅಲೆಯ ನೆತ್ತಿ ಬುಡಕ್ಕಿಂತ ವೇಗವಾಗಿ ಓಡುವುದರಿಂದ ಮುಂಭಾಗ ಕಡಿದಾಗುತ್ತಲೇ ಹೋಗಬೇಕು, ಆಕಾರ ಉಳಿಯಲಾರದು ಎನ್ನುತ್ತಿತ್ತು ಅವರ ಗಣಿತ. ಅಷ್ಟರಮಟ್ಟಿಗೆ ಅದು ಸರಿ. ಆದರೆ ನೀರಿನಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತಿರುತ್ತದೆ. ಒಂದು ದಿಬ್ಬವೆಂದರೆ ಉದ್ದ-ಗಿಡ್ಡ ತರಂಗಗಳ ಮೊತ್ತ. ಉದ್ದದವು ಬೇಗ, ಗಿಡ್ಡವು ನಿಧಾನವಾಗಿ ಹೋಗುವುದರಿಂದ ದಿಬ್ಬ ಚದುರಿ ಹರಡಿಕೊಳ್ಳುತ್ತದೆ. ಒಂದು ಕ್ರಿಯೆ ಅಲೆಯನ್ನು ಕಡಿದಾಗಿಸುತ್ತದೆ, ಇನ್ನೊಂದು ಚಪ್ಪಟೆಯಾಗಿಸುತ್ತದೆ. ರಸೆಲ್ ಕಂಡದ್ದು ಇವೆರಡೂ ಸರಿಸಮವಾಗಿ ನಿಂತ ಸ್ಥಿತಿ. ಒಂದನ್ನು ಲೆಕ್ಕಕ್ಕೆ ಹಿಡಿದು ಇನ್ನೊಂದನ್ನು ಕೈಬಿಟ್ಟ ಸಿದ್ಧಾಂತ, ಕಣ್ಣಿಂದ ಕಂಡು ಅಳತೆಗೋಲಿನಿಂದ ಅಳೆದ ಅಲೆಯನ್ನೇ ಅನುಮಾನಿಸಿತು. ವಿಜ್ಞಾನ ಓದುವ ಮಕ್ಕಳಿಗೆ ಈ ಪ್ರಸಂಗವನ್ನು ಕಡ್ಡಾಯವಾಗಿ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಬುಸಿನೆಸ್ಕ್ 1871ರಲ್ಲಿ, ರೇಲಿ 1876ರಲ್ಲಿ ರಸೆಲ್‌ರ ಪರವಾದ ಗಣಿತ ಕೊಟ್ಟರು. 1895ರಲ್ಲಿ ಡಚ್ಚರಾದ ಕೋರ್ಟವೆಗ್ ಮತ್ತು ಅವರ ಶಿಷ್ಯ ದ ವ್ರೀಸ್ ಪ್ರಕಟಿಸಿದ ಅವಕಲ ಸಮೀಕರಣ ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಇದೆ. ಅದರಲ್ಲಿ ಮುಖ್ಯವಾಗಿ ಮೂರೇ ಪದ. ಮೊದಲನೆಯದು ಕಾಲದೊಂದಿಗೆ ಎತ್ತರ ಬದಲಾಗುವ ದರ. ಎರಡನೆಯದು ಎತ್ತರ ಮತ್ತು ಇಳಿಜಾರಿನ ಗುಣಲಬ್ಧ. ಸಮೀಕರಣವನ್ನು ಅರೇಖೀಯವಾಗಿಸಿ ಅಲೆಯನ್ನು ಕಡಿದಾಗಿಸುವುದು ಇದೇ. ಮೂರನೆಯದು ದೂರಕ್ಕೆ ಸಂಬಂಧಿಸಿದಂತೆ ಎತ್ತರದ ಮೂರನೇ ಅವಕಲ. ಚದುರಿಸುವ ಕೆಲಸ ಇದರದ್ದು. ಬಿಡಿಸಿದರೆ, ಎರಡೂ ಬದಿಗೆ ಸಮನಾಗಿ ಇಳಿಯುವ ಒಂಟಿ ದಿಬ್ಬ ಸಿಗುತ್ತದೆ. ಎತ್ತರ ಹೆಚ್ಚಾದಷ್ಟೂ ಅದು ಕಿರಿದು, ವೇಗವೂ ಹೆಚ್ಚು.

ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಸಮೀಕರಣವನ್ನು ಹೆಚ್ಚಾಗಿ ಯಾರೂ ಕೇಳಲಿಲ್ಲ. ಅದು ಮರಳಿ ಬಂದದ್ದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಮೂಲಕ. ಫರ್ಮಿ, ಪಾಸ್ತಾ, ಉಲಮ್ ಅವರು ಮ್ಯಾನಿಯಾಕ್ ಕಂಪ್ಯೂಟರಿನಲ್ಲಿ, ಅರೇಖೀಯ ಸ್ಪ್ರಿಂಗುಗಳಿಂದ ಜೋಡಿಸಿದ ಕಣಗಳ ಸರಪಳಿಯೊಂದನ್ನು ಕಂಪಿಸಿ ನೋಡಿದರು. ಶಕ್ತಿ ಎಲ್ಲ ಬಗೆಯ ಕಂಪನಗಳಿಗೂ ಹಂಚಿಹೋಗುತ್ತದೆಂಬುದು ಅವರ ನಿರೀಕ್ಷೆ. ಹಂಚಿಹೋದಂತೆ ಕಂಡ ಶಕ್ತಿ ಸ್ವಲ್ಪ ಹೊತ್ತಿನ ಮೇಲೆ ಹೆಚ್ಚುಕಡಿಮೆ ಪೂರ್ತಿ ಮೊದಲಿನ ಕಂಪನಕ್ಕೇ ಮರಳಿತು! 1955ರ ಆ ವರದಿ ಮೂವರ ಹೆಸರಿನಿಂದ ಪ್ರಸಿದ್ಧವಾಯಿತು. ಲೆಕ್ಕವನ್ನು ಯಂತ್ರಕ್ಕೆ ಅಳವಡಿಸಿದ ಮೇರಿ ತ್ಸಿಂಗು ಹೆಸರನ್ನು ಸೇರಿಸಿ ಹೇಳುವ ರೂಢಿ ಬಂದದ್ದು ತೀರ ಈಚೆಗೆ. ಅದು ಸಲ್ಲಬೇಕಾದ ಗೌರವ.

ಈ ಸರಪಳಿಯ ಉದ್ದ ತರಂಗಗಳು ಕೋರ್ಟವೆಗ್–ದ ವ್ರೀಸ್ ಸಮೀಕರಣವನ್ನೇ ಪಾಲಿಸುತ್ತವೆಂದು ಝಬುಸ್ಕಿ ಮತ್ತು ಕ್ರಸ್ಕಲ್ ಗುರುತಿಸಿದರು. 1965ರಲ್ಲಿ ಅವರು ಕಂಪ್ಯೂಟರಿನಲ್ಲಿ ಕಂಡದ್ದು ಇಡೀ ಕತೆಯ ತಿರುಳು. ಎತ್ತರದ ಅಲೆ ಹಿಂದಿನಿಂದ ಬಂದು ಗಿಡ್ಡ ಅಲೆಗೆ ತಗಲುತ್ತದೆ. ಅರೇಖೀಯ ಲೋಕದಲ್ಲಿ ಅಲೆಗಳು ಸುಮ್ಮನೆ ಕೂಡಿಕೊಳ್ಳುವುದಿಲ್ಲ, ಎರಡೂ ನುಚ್ಚುನೂರಾಗಬೇಕಿತ್ತು. ಆದರೆ ಡಿಕ್ಕಿಯ ನಂತರ ಎರಡೂ ತಮ್ಮ ತಮ್ಮ ಎತ್ತರ, ವೇಗಗಳಲ್ಲೇ ಹೊರಬಂದವು. ಉಳಿದ ಗುರುತು ಒಂದೇ: ಎತ್ತರದ್ದು ತಾನು ಇರಬೇಕಾದ ಜಾಗಕ್ಕಿಂತ ತುಸು ಮುಂದೆ, ಗಿಡ್ಡದ್ದು ತುಸು ಹಿಂದೆ. ಕಣಗಳಂತೆ ನಡೆದುಕೊಳ್ಳುವ ಈ ಅಲೆಗಳಿಗೆ ಅವರು 'ಸಾಲಿಟಾನ್' ಎಂದು ಹೆಸರಿಟ್ಟರು.

ಕಾರಣ 1967ರಲ್ಲಿ ಹೊಳೆಯಿತು. ಗಾರ್ಡ್ನರ್, ಗ್ರೀನ್, ಕ್ರಸ್ಕಲ್, ಮಿಯುರ ಅವರು ಆರಂಭದ ಅಲೆಯ ಆಕಾರವನ್ನು ತಲೆಕೆಳಗು ಮಾಡಿ, ಕ್ವಾಂಟಮ್ ಭೌತಶಾಸ್ತ್ರದ ಗುಂಡಿಯೊಂದರಂತೆ ನೋಡಿದರು. ಆ ಗುಂಡಿಯಲ್ಲಿ ಕಣವೊಂದು ಸಿಕ್ಕಿಬೀಳಬಹುದಾದ ಶಕ್ತಿಮಟ್ಟಗಳು ಎಷ್ಟೋ, ಆ ಅಲೆಯಿಂದ ಹೊರಡುವ ಸಾಲಿಟಾನ್‌ಗಳೂ ಅಷ್ಟೇ. ಅಲೆ ಹೇಗೆ ರೂಪ ಬದಲಿಸಿದರೂ ಆ ಮಟ್ಟಗಳು ಕಾಲದೊಂದಿಗೆ ಕದಲುವುದಿಲ್ಲ. ಡಿಕ್ಕಿಯಲ್ಲೂ ಸಾಲಿಟಾನ್ ಉಳಿದುಕೊಳ್ಳುವುದು ಅದಕ್ಕೇ. ನೀರಿನ ಅಲೆಯೊಳಗೆ ಕ್ವಾಂಟಮ್ ಸಮೀಕರಣ ಅಡಗಿತ್ತೆಂಬುದು ನಾನು ಓದಿದ ಗಣಿತದಲ್ಲೇ ಅತ್ಯಂತ ಸುಂದರ ಸಂಗತಿಗಳಲ್ಲೊಂದು.

ಸಾಲಿಟಾನ್ ನೀರಿಗಷ್ಟೇ ಸೀಮಿತವಲ್ಲ. 1973ರಲ್ಲಿ ಬೆಲ್ ಲ್ಯಾಬ್ಸ್‌ನ ಹಸೆಗಾವ ಮತ್ತು ಟ್ಯಾಪರ್ಟ್, ಗಾಜಿನ ಎಳೆಯಲ್ಲಿ ಬೆಳಕಿನ ಸಾಲಿಟಾನ್ ಸಾಧ್ಯವೆಂದು ತೋರಿಸಿದರು. ಬೆಳಕಿನ ಮಿಡಿತದೊಳಗಿನ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಹೋಗಿ ಮಿಡಿತವನ್ನು ಹರಡುತ್ತವೆ. ಬೆಳಕು ತೀವ್ರವಾದಷ್ಟೂ ಗಾಜಿನ ವಕ್ರೀಭವನಾಂಕ ಹೆಚ್ಚುವುದರಿಂದ, ಆ ಹರಡುವಿಕೆಗೆ ತಡೆ ಬೀಳುತ್ತದೆ. 1980ರಲ್ಲಿ ಮೊಲೆನಾವರ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಲ್ಲಿ ಕಂಡರು. ಈಗ ಬೆಳಕನ್ನು ಸುತ್ತಿಸುವ ತೀರ ಸಣ್ಣ ಉಂಗುರಗಳಲ್ಲೂ ಸಾಲಿಟಾನ್‌ ಸುತ್ತುತ್ತಿದೆ. ಉಂಗುರದಲ್ಲಿ ಬೆಳಕು ಸೋರಿಹೋಗುತ್ತಲೇ ಇರುವುದರಿಂದ ಇಲ್ಲಿ ಇನ್ನೊಂದು ಸಮತೋಲನವೂ ಬೇಕು: ಸೋರಿದಷ್ಟನ್ನು ಹೊರಗಿನ ಲೇಸರ್ ತುಂಬಿಕೊಡುತ್ತದೆ. ಪ್ರತಿ ಸುತ್ತಿಗೊಮ್ಮೆ ಹೊರಬರುವ ಮಿಡಿತಗಳಿಂದ ಸಮ ಅಂತರದ ಆವೃತ್ತಿಗಳ ಸಾಲು ಸಿಗುತ್ತದೆ. ಅದನ್ನು ಬೆಳಕಿನ ಆವೃತ್ತಿ ಅಳೆಯುವ ಮಾಪಕವಾಗಿ ಬಳಸುತ್ತಿದ್ದಾರೆ.