ರಸ್ತೆಯಾಚೆಯ ಚಾಲನೆಯಲ್ಲಿ ಟೈರಿನ ಕಡಿಮೆ ಗಾಳಿ ಒತ್ತಡ

ರಸ್ತೆಯಾಚೆಯ ಚಾಲನೆಯಲ್ಲಿ ಟೈರಿನ ಗಾಳಿ ಒತ್ತಡವನ್ನು ಇಳಿಸುವುದು ಎಂದರೆ ಮರಳು, ಕೆಸರು, ಉತ್ತ ಹೊಲ, ಕೆರೆಯಂಗಳ ಮೊದಲಾದ ಮೆತ್ತನೆಯ ನೆಲದಲ್ಲಿ ವಾಹನ ಹೂತುಹೋಗದಂತೆ, ಚಕ್ರಗಳಲ್ಲಿನ ಗಾಳಿಯನ್ನು ರಸ್ತೆಯ ಓಡಾಟಕ್ಕೆ ಬೇಕಾದ ಮಟ್ಟಕ್ಕಿಂತ ತಗ್ಗಿಸುವ ವಿಧಾನ. ಮರುಭೂಮಿಯಲ್ಲಿ ಓಡುವ ಜೀಪುಗಳಿಂದ ಹಿಡಿದು ಹೊಲ ಉಳುವ ಟ್ರ್ಯಾಕ್ಟರುಗಳವರೆಗೆ ಇದು ಬಳಕೆಯಲ್ಲಿದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಂತಹ ತೆಂಗಿನ ಸೀಮೆಯಲ್ಲಿ ಈ ವಿಧಾನಕ್ಕೆ ವಾಹನದ ಹಿತವಷ್ಟೇ ಅಲ್ಲದೆ ಮಣ್ಣಿನ ಹಿತದ ಮಹತ್ವವೂ ಇದೆ.

ಕಾರ್ಯತತ್ತ್ವ

ಗಾಳಿ ತುಂಬಿದ ಟೈರು ತನ್ನ ಮೇಲಿನ ಭಾರವನ್ನು ಮುಖ್ಯವಾಗಿ ಒಳಗಿನ ಗಾಳಿಯ ಒತ್ತಡದಿಂದ ಹೊರುತ್ತದೆ. ಆದ್ದರಿಂದ ಟೈರು ನೆಲವನ್ನು ಒತ್ತುವ ಒತ್ತಡವು ಅದರೊಳಗಿನ ಗಾಳಿಯ ಒತ್ತಡಕ್ಕೆ ಸರಿಸುಮಾರು ಸಮನಾಗಿರುತ್ತದೆ. ಗಾಳಿ ಇಳಿಸಿದಾಗ ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಹಿಗ್ಗುತ್ತದೆ ಮತ್ತು ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ.

ಉದಾಹರಣೆಗೆ, ಒಂದು ಚಕ್ರದ ಮೇಲೆ 500 ಕಿಲೋಗ್ರಾಂ ಭಾರವಿದೆ ಎಂದಿಟ್ಟುಕೊಂಡರೆ, 30 ಪಿಎಸ್ಐ ಒತ್ತಡದಲ್ಲಿ ಆ ಟೈರಿಗೆ ಲೆಕ್ಕದ ಪ್ರಕಾರ ಸುಮಾರು 240 ಚದರ ಸೆಂಟಿಮೀಟರ್ ಜಾಗದ ಆಸರೆ ಬೇಕು. 15 ಪಿಎಸ್ಐಗೆ ಇಳಿಸಿದರೆ ಇದು ಸುಮಾರು 475 ಚದರ ಸೆಂಟಿಮೀಟರ್ ಆಗುತ್ತದೆ. ಟೈರಿನ ಪಕ್ಕದ ಗೋಡೆಯ ಬಿಗಿತವೂ ಸ್ವಲ್ಪ ಭಾರ ಹೊರುವುದರಿಂದ ವಾಸ್ತವದಲ್ಲಿ ಹಿಗ್ಗುವಿಕೆ ಇದಕ್ಕಿಂತ ಕಡಿಮೆಯಿರುತ್ತದೆ. ಟೈರಿನ ಹೆಜ್ಜೆ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಬೆಳೆಯುತ್ತದೆ. ಹೆಜ್ಜೆ ಉದ್ದವಾದಷ್ಟೂ ಟೈರಿನ ಹೆಚ್ಚು ಗೆಣ್ಣುಗಳು ಏಕಕಾಲಕ್ಕೆ ಮಣ್ಣನ್ನು ಹಿಡಿಯುತ್ತವೆ. ಇದರಿಂದ ಚಕ್ರ ನಿಂತಲ್ಲೇ ಜಾರಿ ತಿರುಗುವುದು ಕಡಿಮೆಯಾಗುತ್ತದೆ.

ಹೂತುಹೋಗುವ ಚಕ್ರವು ತನ್ನ ಮುಂದೆ ತಾನೇ ಒಂದು ಮಣ್ಣಿನ ದಿಣ್ಣೆಯನ್ನು ಕಟ್ಟಿಕೊಂಡು ಅದನ್ನು ಸದಾ ಏರುತ್ತಿರಬೇಕಾಗುತ್ತದೆ. ಹೂಳುವಿಕೆ ತಗ್ಗಿದರೆ ಈ ಏರಿಕೆಯೂ ತಗ್ಗಿ, ಎಂಜಿನ್ನಿನ ಶಕ್ತಿ ಮತ್ತು ಇಂಧನ ಉಳಿಯುತ್ತವೆ. ಗಟ್ಟಿ ರಸ್ತೆಯಲ್ಲಿ ಪರಿಣಾಮ ಇದಕ್ಕೆ ತದ್ವಿರುದ್ಧ. ಅಲ್ಲಿ ಕಡಿಮೆ ಗಾಳಿಯ ಟೈರು ಅತಿಯಾಗಿ ಬಾಗಿ ಇಂಧನವನ್ನು ನುಂಗುತ್ತದೆ.

ಇತಿಹಾಸ

ಗಾಳಿ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಪೇಟೆಂಟ್ ಪಡೆದರೂ, ಅದು ಬಳಕೆಗೆ ಬಂದದ್ದು ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಅದನ್ನು ಹೊಸದಾಗಿ ರೂಪಿಸಿದ ಮೇಲೆ. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳಲ್ಲಿ 1920 ಮತ್ತು 1930ರ ದಶಕಗಳಲ್ಲಿ ಸಂಚರಿಸಿದ ರಾಲ್ಫ್ ಬ್ಯಾಗ್ನಾಲ್ಡ್ ಮರಳುದಿಬ್ಬಗಳನ್ನು ದಾಟಲು ಟೈರಿನ ಗಾಳಿ ಇಳಿಸುವ ಕ್ರಮವನ್ನು ಅನುಸರಿಸಿದರು. ಮೊದಲಿಗೆ ಉಕ್ಕಿನ ಚಕ್ರಗಳನ್ನೇ ಹೊಂದಿದ್ದ ಟ್ರ್ಯಾಕ್ಟರುಗಳಿಗೆ ಗಾಳಿ ಟೈರು ಬಂದದ್ದು 1930ರ ದಶಕದ ಆರಂಭದಲ್ಲಿ. ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿ 1932ರಲ್ಲಿ ಕಡಿಮೆ ಒತ್ತಡದ ಟೈರುಗಳುಳ್ಳ ಟ್ರ್ಯಾಕ್ಟರನ್ನು ಹೊರತಂದಿತು. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾದ ‘ಡಕ್’ ಎಂಬ ನೆಲ-ನೀರಿನ ವಾಹನದಲ್ಲಿ, ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಏರಿಸುವ ಮತ್ತು ಇಳಿಸುವ ಏರ್ಪಾಡು ಇತ್ತು.

ಕರ್ನಾಟಕದ ಹಳ್ಳಿಗಳಲ್ಲಿ ಇದೇ ಬದಲಾವಣೆ ಎತ್ತಿನ ಗಾಡಿಯಲ್ಲಿ ಕಾಣಿಸಿತು. ಮರದ ಚಕ್ರಕ್ಕೆ ಬಿಗಿದ ಕಬ್ಬಿಣದ ಕಿರಿದಾದ ಪಟ್ಟಿ ಮಣ್ಣುದಾರಿಯಲ್ಲಿ ಆಳವಾದ ಜಾಡು ಕೊರೆಯುತ್ತಿತ್ತು. ಟೈರುಗಾಡಿಗಳು ಬಂದಾಗ ಅದೇ ಭಾರ ಅಗಲವಾದ ರಬ್ಬರಿನ ಮೇಲೆ ಹಂಚಿಹೋಗಿ ಎತ್ತುಗಳ ಶ್ರಮ ತಗ್ಗಿತು.

ಒತ್ತಡದ ಪ್ರಮಾಣ

ನಾಲ್ಕು ಚಕ್ರಗಳಿಗೂ ಎಳೆತವಿರುವ ವಾಹನಗಳಿಗೆ ರಸ್ತೆಯಲ್ಲಿ ಸಾಮಾನ್ಯವಾಗಿ 30ರಿಂದ 35 ಪಿಎಸ್ಐ ಒತ್ತಡ ಬೇಕಾಗುತ್ತದೆ. ಕಲ್ಲುಮಣ್ಣಿನ ಒರಟು ದಾರಿಯಲ್ಲಿ ಇದನ್ನು 25ರ ಆಸುಪಾಸಿಗೆ, ಸಡಿಲ ಮರಳಿನಲ್ಲಿ 15ರಿಂದ 20ಕ್ಕೆ ಇಳಿಸುವುದು ರೂಢಿ. ಟ್ರ್ಯಾಕ್ಟರಿನ ದೊಡ್ಡ ಹಿಂಬದಿ ಟೈರುಗಳು ಮೊದಲಿನಿಂದಲೂ ಕಡಿಮೆ ಒತ್ತಡಕ್ಕೆಂದೇ ರೂಪುಗೊಂಡಿವೆ. ಹೊಲದ ಕೆಲಸಕ್ಕೆ ಸಾಮಾನ್ಯವಾಗಿ 12ರಿಂದ 16 ಪಿಎಸ್ಐ ಸಾಕಾಗುತ್ತದೆ. ರಸ್ತೆಯಲ್ಲಿ ಸಾಗಾಟ ಮಾಡುವಾಗ ಇದಕ್ಕಿಂತ ಹೆಚ್ಚಿನ ಒತ್ತಡ ಬೇಕು. ನಿರ್ದಿಷ್ಟ ಟೈರಿಗೆ ಎಷ್ಟು ಭಾರಕ್ಕೆ ಎಷ್ಟು ಒತ್ತಡ ಎಂಬುದನ್ನು ತಯಾರಕರ ಕೋಷ್ಟಕ ತಿಳಿಸುತ್ತದೆ, ಅದೇ ಅಂತಿಮ ಪ್ರಮಾಣ.

ಓಡಿದ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರುವುದರಿಂದ, ಅಳತೆಯನ್ನು ಟೈರು ತಣ್ಣಗಿರುವಾಗಲೇ ಮಾಡಬೇಕು. ಹಿಡಿತ ಹೆಚ್ಚಲೆಂದು ಹಿಂಬದಿ ಟೈರಿಗೆ ನೀರು ತುಂಬಿದ ಟ್ರ್ಯಾಕ್ಟರುಗಳಲ್ಲಿ ವಾಲ್ವ್ ಮೇಲ್ಗಡೆ ಬರುವಂತೆ ಚಕ್ರವನ್ನು ನಿಲ್ಲಿಸಿ ಅಳೆಯಬೇಕಾಗುತ್ತದೆ. ನೀರು ಟೈರಿಗೆ ತೂಕವನ್ನು ಕೂಡಿಸುವುದಲ್ಲದೆ ಅದು ಬಾಗುವ ಗುಣವನ್ನೂ ಕುಗ್ಗಿಸುತ್ತದೆ.

ತೆಂಗಿನ ಸೀಮೆಯಲ್ಲಿ

ತಿಪಟೂರು ಉಂಡೆ ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ಊರು. ಅದರ ಸುತ್ತಲಿನ ತಾಲ್ಲೂಕುಗಳಲ್ಲಿ ಕೆರೆಯ ಅಚ್ಚುಕಟ್ಟು, ಹೇಮಾವತಿ ನಾಲೆ ಮತ್ತು ಕೊಳವೆಬಾವಿಗಳ ಆಸರೆಯಲ್ಲಿ ತೆಂಗಿನ ತೋಟಗಳು ಹಬ್ಬಿವೆ. ಇಲ್ಲಿ ವಾಹನಗಳು ರಸ್ತೆ ಬಿಟ್ಟು ಇಳಿಯುವ ಮುಖ್ಯ ಸಂದರ್ಭಗಳು ತೋಟದ ಉಳುಮೆ, ಕಾಯಿ ಮತ್ತು ಗೊಬ್ಬರದ ಸಾಗಾಟ ಹಾಗೂ ಕೆರೆಗೋಡು ಹೊಡೆಸುವುದು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳದ ಫಲವತ್ತಾದ ಗೋಡನ್ನು ತೋಟಕ್ಕೆ ಹಾಕಿಸುವುದು ಈ ಭಾಗದ ಹಳೆಯ ಪದ್ಧತಿ. ಕೆರೆಯಂಗಳದ ಮೇಲ್ಪದರ ಒಣಗಿ ಬಿರುಕುಬಿಟ್ಟಂತೆ ಕಂಡರೂ ಕೆಳಗೆ ಹಸಿ ಉಳಿದಿರಬಹುದು. ಅಂಥ ಕಡೆ ಟ್ರ್ಯಾಕ್ಟರಿನ ಗಾಳಿ ಹೆಚ್ಚಿದ್ದರೆ ಮೇಲಿನ ಹೆಪ್ಪು ಮುರಿದು ಚಕ್ರ ಕುಸಿಯುತ್ತದೆ. ಆದರೆ ಗೋಡು ತುಂಬಿದ ಟ್ರೇಲರಿಗೆ ಇದೇ ಉಪಾಯ ಸಲ್ಲದು. ಒಂದು ಘನ ಮೀಟರ್ ಗೋಡು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ ಮತ್ತು ಟ್ರೇಲರಿನ ಸಣ್ಣ ಟೈರುಗಳು ಆ ಭಾರವನ್ನು ಹೆಚ್ಚಿನ ಒತ್ತಡದಲ್ಲಿ ಮಾತ್ರ ಹೊರಬಲ್ಲವು. ಅಲ್ಲಿ ಇಳಿಸಬೇಕಾದದ್ದು ಗಾಳಿಯನ್ನಲ್ಲ, ಭಾರವನ್ನು.

ಮಣ್ಣಿನ ಮೇಲಿನ ಪರಿಣಾಮ

ವರ್ಷವರ್ಷವೂ ಹೊಸದಾಗಿ ಬಿತ್ತುವ ಬೆಳೆಗೂ ತೆಂಗಿಗೂ ಒಂದು ವ್ಯತ್ಯಾಸವಿದೆ. ತೆಂಗಿನ ಮರ ಹಲವು ದಶಕಗಳ ಕಾಲ ಒಂದೇ ಜಾಗದಲ್ಲಿ ನಿಂತು ಫಲ ಕೊಡುತ್ತದೆ. ಅದಕ್ಕೆ ತಾಯಿಬೇರು ಇಲ್ಲ. ಕಾಂಡದ ಬುಡದಿಂದ ಹೊರಡುವ ಹುರಿಯಂಥ ಸಾವಿರಾರು ಬೇರುಗಳೇ ಅದರ ಆಧಾರ. ಅವುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು 2 ಮೀಟರ್ ದೂರದೊಳಗೆ ಹರಡಿರುತ್ತವೆ. ಆ ಜಾಗದ ಮಣ್ಣು ಗಟ್ಟಿಯಾದರೆ ನೀರು ಇಂಗುವುದು ನಿಧಾನವಾಗುತ್ತದೆ, ಬೇರಿಗೆ ಗಾಳಿ ಸಿಗುವುದು ಕಷ್ಟವಾಗುತ್ತದೆ. ಬೇರನ್ನು ಕಡಿಯದೆ ಆಳವಾಗಿ ಉತ್ತು ಅದನ್ನು ಸರಿಪಡಿಸಲೂ ಸಾಧ್ಯವಿಲ್ಲ.

ಕಡಿಮೆ ಗಾಳಿ ಒತ್ತಡ ಈ ಹಾನಿಯನ್ನು ಭಾಗಶಃ ಮಾತ್ರ ತಡೆಯುತ್ತದೆ ಎಂಬುದನ್ನು ಗಮನಿಸಬೇಕು. ಮೇಲ್ಮಣ್ಣು ಎಷ್ಟು ಗಟ್ಟಿಯಾಗುತ್ತದೆ ಎಂಬುದು ಮುಖ್ಯವಾಗಿ ಟೈರಿನ ಒತ್ತಡವನ್ನು ಅವಲಂಬಿಸಿದೆ. ಆಳದ ಮಣ್ಣು ಗಟ್ಟಿಯಾಗುವುದು ಅಚ್ಚಿನ ಮೇಲಿನ ಒಟ್ಟು ಭಾರದಿಂದ. ಅತಿ ಭಾರದ ಬಂಡಿಯ ಗಾಳಿ ಎಷ್ಟೇ ಇಳಿಸಿದರೂ ಆಳದ ಪದರ ಒತ್ತಿಹೋಗುತ್ತದೆ. ಜೊತೆಗೆ, ಹಸಿ ಮಣ್ಣು ಒಣ ಮಣ್ಣಿಗಿಂತ ಬಹಳ ಸುಲಭವಾಗಿ ಒತ್ತುತ್ತದೆ, ಮತ್ತು ಹಾನಿಯ ಹೆಚ್ಚಿನ ಪಾಲು ಚಕ್ರ ಮೊದಲ ಬಾರಿ ಹಾದಾಗಲೇ ಆಗಿಬಿಡುತ್ತದೆ.

ಈ ಕಾರಣಗಳಿಂದ ಗಾಳಿ ಇಳಿಸುವುದರ ಜೊತೆಗೆ ಇನ್ನೂ ಕೆಲವು ಕ್ರಮಗಳು ಅಗತ್ಯ:

• ಮರಗಳ ಸಾಲಿನ ನಡುವೆ ಒಂದೇ ಜಾಡನ್ನು ಗುರುತಿಸಿ, ವಾಹನಗಳು ಪ್ರತಿಸಲವೂ ಅದರಲ್ಲೇ ಓಡಾಡುವಂತೆ ಮಾಡುವುದು.
• ಮರದ ಪಾತಿಯ ಮೇಲೆ ಚಕ್ರ ಹಾಯದಂತೆ ನೋಡಿಕೊಳ್ಳುವುದು.
• ಮಳೆಯಾದ ಕೂಡಲೇ ತೋಟಕ್ಕೆ ವಾಹನ ಇಳಿಸದಿರುವುದು. ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿದಾಗ ಅದು ಅಂಟಿ ಉಂಡೆಯಾದರೆ ಮಣ್ಣು ಇನ್ನೂ ಹಸಿಯಾಗಿದೆ ಎಂದರ್ಥ.
• ದೊಡ್ಡ ಹೇರಿನ ಒಂದು ಸುತ್ತಿಗಿಂತ, ಅದೇ ಜಾಡಿನಲ್ಲಿ ಸಣ್ಣ ಹೇರಿನ ಎರಡು ಸುತ್ತು ಹೊಡೆಯುವುದು.

ಮಿತಿಗಳು ಮತ್ತು ಅಪಾಯಗಳು

ಗಾಳಿ ಅತಿಯಾಗಿ ಇಳಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚಬಹುದು. ತಿರುವಿನಲ್ಲಿ ವೇಗವಾಗಿ ತಿರುಗಿಸಿದಾಗ ಈ ಅಪಾಯ ಹೆಚ್ಚು. ಟ್ಯೂಬ್ ಇರುವ ಚಕ್ರಗಳಲ್ಲಿ ಇನ್ನೊಂದು ತೊಂದರೆಯಿದೆ. ಜೋರಾಗಿ ಎಳೆಯುವಾಗ ಟೈರು ರಿಮ್ಮಿನ ಮೇಲೆ ಜಾರಿದರೆ, ಒಳಗಿನ ಟ್ಯೂಬೂ ಅದರೊಡನೆ ಸರಿದು ವಾಲ್ವಿನ ಬುಡ ಹರಿದುಹೋಗುತ್ತದೆ.

ಗಾಳಿ ಇಳಿದಾಗ ಟೈರಿನ ಪಕ್ಕದ ಗೋಡೆ ಹೊರಕ್ಕೆ ಉಬ್ಬುತ್ತದೆ. ಪಕ್ಕದ ಗೋಡೆ ನೆಲಕ್ಕೆ ತಾಗುವ ಭಾಗಕ್ಕಿಂತ ತೆಳು. ಕೆರೆಯಂಗಳದ ಬಳ್ಳಾರಿ ಜಾಲಿಯ ಮುಳ್ಳು, ಚೂಪಾದ ಕಲ್ಲು, ಒಡೆದ ತೆಂಗಿನ ಕರಟ ಇವು ಅಲ್ಲಿಗೆ ಚುಚ್ಚಿದರೆ ಪಂಕ್ಚರ್ ಹಾಕಲು ಬಾರದಂತೆ ಟೈರೇ ಹಾಳಾಗಬಹುದು. ಟೈರು ಚಪ್ಪಟೆಯಾದಾಗ ವಾಹನದ ತಳವೂ ನೆಲಕ್ಕೆ ಸ್ವಲ್ಪ ಹತ್ತಿರವಾಗುತ್ತದೆ.

ರಸ್ತೆಗೆ ಮರಳುವಾಗ

ಕಡಿಮೆ ಗಾಳಿಯ ದೊಡ್ಡ ಅಪಾಯ ಎದುರಾಗುವುದು ಮೆತ್ತನೆಯ ನೆಲದಲ್ಲಿ ಅಲ್ಲ, ಅದನ್ನು ದಾಟಿ ಡಾಂಬರು ರಸ್ತೆಗೆ ಏರಿದ ಮೇಲೆ. ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಟೈರಿನ ಗೋಡೆ ಪ್ರತಿ ಸುತ್ತಿನಲ್ಲೂ ಬಾಗಿ ಬಿಸಿಯೇರುತ್ತದೆ. ರಬ್ಬರಿನ ಪದರಗಳು ಬಿಟ್ಟುಕೊಂಡು ಟೈರು ಸಿಡಿಯಬಹುದು. ಸ್ಟಿಯರಿಂಗಿನ ಹಿಡಿತ ಸಡಿಲವಾಗುತ್ತದೆ, ಬ್ರೇಕು ಹಾಕಿದಾಗ ವಾಹನ ಓಲಾಡುತ್ತದೆ.

ತಿಪಟೂರಿನ ಮೂಲಕ ಹಾಯುವ ತುಮಕೂರು–ಅರಸೀಕೆರೆ ಹೆದ್ದಾರಿಯಲ್ಲಿ, ಹಾಗೂ ಚಿಕ್ಕನಾಯಕನಹಳ್ಳಿಯನ್ನು ತುರುವೇಕೆರೆಗೆ ಜೋಡಿಸುವ ಹೆದ್ದಾರಿಯಲ್ಲಿ ತೋಟದಿಂದ ಬಂದ ಟ್ರ್ಯಾಕ್ಟರುಗಳೂ ದೂರದ ಊರುಗಳ ಲಾರಿ, ಬಸ್ಸುಗಳೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಇಂಥ ಕಡೆ ಗಾಳಿ ಇಳಿದ ಟೈರು ಆ ವಾಹನದವರಿಗಷ್ಟೇ ಅಲ್ಲದೆ ಎದುರು ಬರುವವರಿಗೂ ಅಪಾಯ ತರುತ್ತದೆ. ಆದುದರಿಂದ ಗಾಳಿ ಇಳಿಸುವ ಮೊದಲೇ ಅದನ್ನು ಮತ್ತೆ ತುಂಬುವ ಏರ್ಪಾಡು ಇರಬೇಕು. ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು, ಕಾಲಿನಿಂದ ತುಳಿಯುವ ಪಂಪು ಅಥವಾ ರಸ್ತೆ ಏರುವ ಜಾಗದ ಸಮೀಪದಲ್ಲಿರುವ ಪಂಕ್ಚರ್ ಅಂಗಡಿ ಇವುಗಳಲ್ಲಿ ಯಾವುದಾದರೂ ಆಗಬಹುದು. ಗಾಳಿ ತುಂಬುವವರೆಗೆ ವಾಹನವನ್ನು ನಿಧಾನವಾಗಿ ಮತ್ತು ಸ್ವಲ್ಪ ದೂರ ಮಾತ್ರ ಓಡಿಸಬೇಕು. ಒತ್ತಡವನ್ನು ಕಣ್ಣಂದಾಜಿನಿಂದ ತೀರ್ಮಾನಿಸದೆ ಗೇಜಿನಿಂದ ಅಳೆಯಬೇಕು.