ದೊಡ್ಡವರ ಮರಕೋತಿ ಆಟ

ಮರ ಹತ್ತುವುದು ಮಕ್ಕಳ ಆಟ, ಇಲ್ಲವೇ ಹೊಟ್ಟೆಪಾಡಿನ ಕೆಲಸ. ನಮ್ಮ ಹಳ್ಳಿಗಳಲ್ಲಿ ಮರಕೋತಿ ಆಡಿ ಬೆಳೆದವರು ಮೀಸೆ ಮೂಡುವ ಹೊತ್ತಿಗೆ ಮರದ ಸಹವಾಸ ಬಿಟ್ಟಿರುತ್ತಾರೆ. ಆಮೇಲೂ ಮರವೇರುವವರೆಂದರೆ ಅಡಿಕೆ ಕೊನೆ ಇಳಿಸುವವರು, ತೆಂಗಿನಕಾಯಿ ಕೀಳುವವರು, ಜೇನು ಬಿಡಿಸುವವರು. ಫಲದ ಆಸೆಯಿಲ್ಲದೆ, ಬರಿಯ ಸಂತೋಷಕ್ಕಾಗಿ ನಡುವಯಸ್ಸಿನವರು ಮರ ಹತ್ತುವುದುಂಟೇ? ಉಂಟು. ಅಮೆರಿಕ, ಜಪಾನ್ ಮುಂತಾದ ದೇಶಗಳಲ್ಲಿ ಅದೊಂದು ಹವ್ಯಾಸವಾಗಿದೆ.

ಇದಕ್ಕೆ ಸಂಘಟಿತ ರೂಪ ಬಂದದ್ದು 1983ರಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿ. ಬಂಡೆ ಏರುವ ಸಾಹಸಿಯಾಗಿದ್ದ ಪೀಟರ್ ಜೆಂಕಿನ್ಸ್ ಮರಗಳ ಆರೈಕೆಯ ವೃತ್ತಿಗೆ ಬಂದಿದ್ದರು. ಹಗ್ಗದಲ್ಲಿ ತೂಗಿಕೊಂಡು ಕೊಂಬೆ ಸವರುವ ವಿದ್ಯೆಯನ್ನು ಜನಸಾಮಾನ್ಯರಿಗೂ ಕಲಿಸಲೆಂದು ಅವರು ‘ಟ್ರೀ ಕ್ಲೈಂಬರ್ಸ್ ಇಂಟರ್‌ನ್ಯಾಷನಲ್’ ಸಂಸ್ಥೆ ಆರಂಭಿಸಿದರು.

ದೊಡ್ಡವರು ಮರ ಹತ್ತದಿರಲು ನಾಚಿಕೆಯೊಂದೇ ಕಾರಣವಲ್ಲ. ಮೈಭಾರವನ್ನು ತೋಳು ತಾಳುವುದಿಲ್ಲ. ಹೆಮ್ಮರದ ಮೊದಲ ಕೊಂಬೆ ಕೈಗೆಟುಕುವುದಿಲ್ಲ. ಈ ಎರಡೂ ತೊಡಕನ್ನು ಹಗ್ಗ ನೀಗುತ್ತದೆ. ತೆಳುದಾರದ ತುದಿಗೆ ಭಾರದ ಪುಟ್ಟ ಚೀಲ ಕಟ್ಟಿ, ಎತ್ತರದ ಗಟ್ಟಿ ಕೊಂಬೆಯ ಮೇಲೆ ಹಾಯುವಂತೆ ಎಸೆಯುತ್ತಾರೆ. ಆ ದಾರದಿಂದ ಸುಮಾರು 13 ಮಿ.ಮೀ. ದಪ್ಪದ ಹಗ್ಗವನ್ನು ಮೇಲಕ್ಕೆಳೆದು ಆಚೆಗೆ ಇಳಿಸುತ್ತಾರೆ. ಅದರ ಒಂದು ತುದಿಯನ್ನು ಸೊಂಟ, ತೊಡೆಗಳನ್ನು ಬಳಸುವ ಪಟ್ಟಿಗೆ ಕಟ್ಟಿ, ಇನ್ನೊಂದು ಎಳೆಯನ್ನೂ ವಿಶೇಷ ಗಂಟಿನ ಮೂಲಕ ಅದೇ ಪಟ್ಟಿಗೆ ಸೇರಿಸುತ್ತಾರೆ.

ಈ ಗಂಟೇ ಇಡೀ ವಿದ್ಯೆಯ ಜೀವಾಳ. ಕೈಯಿಂದ ತಳ್ಳಿದರೆ ಹಗ್ಗದ ಮೇಲೆ ಸರಿಯುತ್ತದೆ. ಮೈಭಾರ ಬಿದ್ದೊಡನೆ ಬಿಗಿದು ನಿಲ್ಲುತ್ತದೆ. ಇಂಥ ಗಂಟುಗಳಲ್ಲಿ ಹೆಸರಾದ ‘ಬ್ಲೇಕ್ಸ್ ಹಿಚ್’, 1994ರಲ್ಲಿ ಅದನ್ನು ಪ್ರಚುರಪಡಿಸಿದ ಜೇಸನ್ ಬ್ಲೇಕ್ ಅವರ ಹೆಸರು ಹೊತ್ತಿದೆ. ಎರಡು ಎಳೆಗಳು ಭಾರ ಹಂಚಿಕೊಳ್ಳುವುದರಿಂದ, ಕೊಂಬೆಯ ಘರ್ಷಣೆಯನ್ನು ಬಿಟ್ಟರೆ, ತೂಕದ ಅರ್ಧದಷ್ಟು ಬಲ ಹಾಕಿದರೆ ಸಾಕು. ಅದಕ್ಕೆ ತೆರುವ ಬೆಲೆಯೆಂದರೆ, ಒಂದು ಅಡಿ ಏರಲು ಎರಡು ಅಡಿ ಹಗ್ಗ ಎಳೆಯಬೇಕು. ದಣಿದರೆ ಜೋಕಾಲಿಯಲ್ಲಿ ಕುಳಿತಂತೆ ಅಲ್ಲೇ ಕುಳಿತು ಸುಧಾರಿಸಿಕೊಳ್ಳಬಹುದು.

ಹೀಗೆ ಭಾರವನ್ನು ಹಗ್ಗ ಹೊರುವುದರಿಂದಲೇ ಈ ಹವ್ಯಾಸ ಕಟ್ಟುಮಸ್ತಾದವರಿಗಷ್ಟೇ ಮೀಸಲಾಗಲಿಲ್ಲ. ಜಪಾನಿನಲ್ಲಿ ನೆಲೆಸಿದ್ದ ಜಾನ್ ಗ್ಯಾತ್ರೈಟ್ 2000ದಲ್ಲಿ ಅಲ್ಲೊಂದು ಸಂಸ್ಥೆ ಕಟ್ಟಿ, ಅಂಗವಿಕಲರಿಗೂ ಮರವೇರಲು ಕಲಿಸಿದರು. ಮರುವರ್ಷ, ಗಾಲಿಕುರ್ಚಿ ಬಳಸುವ ಜಪಾನಿ ಮಹಿಳೆಯೊಬ್ಬರು ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೋಯಾ ಮರವನ್ನೇ ಏರಿದರು.

ಮೇಲೇನಿದೆ ಎಂಬ ಕುತೂಹಲ ವಿಜ್ಞಾನಿಗಳಿಗೂ ಇತ್ತು. ಇಂಥದೇ ಹಗ್ಗಗಳ ನೆರವಿನಿಂದ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ನೆತ್ತಿಗೇರಿದವರಿಗೆ ಕಂಡದ್ದು ಕೊಂಬೆಗಳ ಸಂದಿನಲ್ಲಿ ಕೂಡಿದ ಮಣ್ಣು, ಅದರಲ್ಲಿ ಬೆಳೆದ ಜರೀಗಿಡ, ಅಲ್ಲೇ ಬಾಳುವ ಸಾಲಮಾಂಡರ್‌ಗಳು.

ಏರುವವರ ಕ್ಷೇಮದಷ್ಟೇ ಮರದ ಕ್ಷೇಮವೂ ಇಲ್ಲಿ ಮುಖ್ಯ. ತೊಗಟೆಯ ಒಳಗಿನ ಪದರವೇ ಮರದ ಜೀವವಾದ್ದರಿಂದ ಮೊಳೆಯ ಬೂಟಿಗೆ ಅವಕಾಶವಿಲ್ಲ. ಹಗ್ಗ ಉಜ್ಜಿ ಗಾಯವಾಗದಂತೆ ಕೊಂಬೆಗೆ ಚರ್ಮದ ಅಥವಾ ಕೊಳವೆಯ ಹೊದಿಕೆ ಹಾಕುತ್ತಾರೆ. ಒಣಕೊಂಬೆ, ಜೇನುಗೂಡು, ವಿದ್ಯುತ್ ತಂತಿಗಳನ್ನು ಮೊದಲೇ ನೋಡಿಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ನೆಲ ಬಿಟ್ಟ ಮೇಲೆ ಮತ್ತೆ ನೆಲ ಮುಟ್ಟುವವರೆಗೆ ಹಗ್ಗದ ನಂಟು ಒಂದು ಕ್ಷಣವೂ ಕಳಚಕೂಡದು.

ಈ ನಿಯಮ ಹವ್ಯಾಸಿಗಳಿಗಿಂತ ಹೆಚ್ಚಾಗಿ ಬೇಕಾಗಿರುವುದು ನಮ್ಮ ತೋಟಗಳಲ್ಲಿ. ಪಾದಕ್ಕೆ ಕುಣಿಕೆ ತೊಟ್ಟು ಅಡಿಕೆ ಮರವೇರಿ, ಒಂದರಿಂದ ಇನ್ನೊಂದಕ್ಕೆ ತೂಗಿ ದಾಟುವ ಮಲೆನಾಡಿನ ಕೊನೆಗಾರರ ಕೌಶಲಕ್ಕೆ ಸಾಟಿಯಿಲ್ಲ. ಆದರೆ ಕೈ ಜಾರಿದರೆ ಹಿಡಿಯುವ ಹಗ್ಗವಿಲ್ಲದೆ ಏರುವವರು ಅವರಲ್ಲಿದ್ದಾರೆ. ಬಿದ್ದವರ ಬೆನ್ನುಮೂಳೆ ಮುರಿದರೆ ಇಡೀ ಮನೆಯ ದುಡಿಮೆ ನಿಲ್ಲುತ್ತದೆ. ಕೊಂಬೆಯಿಲ್ಲದ ಅಡಿಕೆ ಮರಕ್ಕೆ ಅಟ್ಲಾಂಟಾದ ವಿಧಾನ ಹಾಗೆಯೇ ಒಗ್ಗದು. ಆದರೂ, ಆಟಕ್ಕಾಗಿ ಮರ ಹತ್ತುವವರಿಗೆ ಇರುವಷ್ಟು ರಕ್ಷಣೆ ಅನ್ನಕ್ಕಾಗಿ ಹತ್ತುವವರಿಗೂ ಸಿಗುವುದು ನ್ಯಾಯ.