ಆಟೋಕ್ರಾಸ್ ಕಾರಿಗೆ ಎಷ್ಟು ದೊಡ್ಡ ಚಕ್ರ ಬೇಕು?

ಅಮೆರಿಕದ ಹವ್ಯಾಸಿ ಚಾಲಕರಿಗೆ ಆಟೋಕ್ರಾಸ್ ಎಂದರೆ ಪ್ರಾಣ. ಖಾಲಿ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಾಯುನೆಲೆಯ ಕಾಂಕ್ರೀಟಿನ ಮೇಲೋ ಕೋನ್‌ಗಳನ್ನಿಟ್ಟು ಅಂಕುಡೊಂಕು ದಾರಿ ಮಾಡುತ್ತಾರೆ. ಕಾರುಗಳು ಒಂದೊಂದಾಗಿ ಸಮಯದೊಂದಿಗೆ ಪೈಪೋಟಿಗಿಳಿದು ಓಡುತ್ತವೆ. ಸುತ್ತು ಮುಗಿಯಲು ಸುಮಾರು ಒಂದು ನಿಮಿಷ ಸಾಕು. ಕೋನ್ ಉರುಳಿದರೆ 2 ಸೆಕೆಂಡ್ ದಂಡ. ನೇರ ರಸ್ತೆಯೇ ಇಲ್ಲದ ಇಂಥ ಕಡೆ ಎಂಜಿನ್‌ಗಿಂತ ಟೈರಿನ ಮಾತೇ ಹೆಚ್ಚು ನಡೆಯುತ್ತದೆ.

ಈ ಆಟದ ಮುದ್ದಿನ ಕಾರು ಮಾಜ್ದಾ ಮಿಯಾಟಾ. 1990ರ ಮಾದರಿ ಬಂದದ್ದು 14 ಇಂಚಿನ ಚಕ್ರದಲ್ಲಿ, 185/60 ಟೈರಿನೊಂದಿಗೆ (ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟೆಂಬುದು). ನಿಯಮ ಅವಕಾಶ ಕೊಡುವ ಸ್ಪರ್ಧಾ ವರ್ಗಗಳಲ್ಲಿ ಇದೇ ಕಾರಿಗೆ ಹಲವರು 15 ಇಂಚು ವ್ಯಾಸ, 7.5 ಇಂಚು ಅಗಲದ ರಿಮ್ ಹಾಕಿ 205/50 ಅಥವಾ 225/45 ಟೈರ್ ಕೂರಿಸುತ್ತಾರೆ. ಬೆಳೆದದ್ದು ಮುಖ್ಯವಾಗಿ ಅಗಲ, ಎತ್ತರವಲ್ಲ ಎಂಬುದನ್ನು ಗಮನಿಸಿ.

ಅಗಲ ಏಕೆ? ಶಾಲೆಯಲ್ಲಿ ಕಲಿತಂತೆ ಘರ್ಷಣೆಗೂ ತಾಗುವ ಮೇಲ್ಮೈಯ ವಿಸ್ತೀರ್ಣಕ್ಕೂ ಸಂಬಂಧವಿಲ್ಲ. ರಬ್ಬರ್ ಆ ಪಾಠಕ್ಕೆ ಬಗ್ಗುವುದಿಲ್ಲ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಹೆಚ್ಚುತ್ತದೆ, ಆದರೆ ಇಮ್ಮಡಿಯಾಗುವುದಿಲ್ಲ. ತಿರುವಿನಲ್ಲಿ ಕಾರಿನ ಭಾರ ಹೊರಬದಿಯ ಟೈರುಗಳಿಗೆ ಸರಿದಾಗ, ಅವು ಗಳಿಸುವ ಹಿಡಿತ ಒಳಬದಿಯವು ಕಳೆದುಕೊಳ್ಳುವಷ್ಟಿರುವುದಿಲ್ಲ. ಅಗಲ ಟೈರ್ ಈ ನಷ್ಟವನ್ನು ತಗ್ಗಿಸುತ್ತದೆ. ಟೈರಿಗೆ ತಕ್ಕಷ್ಟು ಅಗಲದ ರಿಮ್ಮೂ ಬೇಕು. ಕಿರಿದಾದ ರಿಮ್‌ನಲ್ಲಿ ಅಗಲ ಟೈರ್ ಬಾಯಿ ಬಿಗಿದ ಚೀಲದಂತೆ ಉಬ್ಬಿ, ಸ್ಟಿಯರಿಂಗ್ ತಿರುಗಿಸಿದಾಗ ಪಕ್ಕಕ್ಕೆ ವಾಲುತ್ತದೆ. ಹಾಗೆಂದು ಅಗಲಕ್ಕೂ ಮಿತಿಯಿದೆ. ಹಗುರ ಕಾರಿನಲ್ಲಿ ಅತಿ ಅಗಲದ ಟೈರ್ ಒಂದು ನಿಮಿಷದೊಳಗೆ ಬಿಸಿಯೇರದು. ತಣ್ಣಗಿರುವ ರಬ್ಬರ್ ನೆಲವನ್ನು ಸರಿಯಾಗಿ ಕಚ್ಚದು.

ವ್ಯಾಸದ ಲೆಕ್ಕ ಬೇರೆ. 205/50ಆರ್15 ಟೈರಿನ ಪಕ್ಕದ ಗೋಡೆ 205ರ ಶೇ 50, ಅಂದರೆ 102.5 ಮಿ.ಮೀ. ಮೇಲೊಂದು, ಕೆಳಗೊಂದು ಗೋಡೆ, ನಡುವೆ 15 ಇಂಚು, ಅಂದರೆ 381 ಮಿ.ಮೀ. ರಿಮ್: ಒಟ್ಟು ವ್ಯಾಸ 586 ಮಿ.ಮೀ. 225/45ಆರ್17 ಹಾಕಿದರೆ ಅದು 634ಕ್ಕೆ ಏರುತ್ತದೆ. ಅದೇ ಗೇರ್‌ನಲ್ಲಿ ನೆಲವನ್ನು ತಳ್ಳುವ ಬಲ ಸುಮಾರು ಶೇ 8ರಷ್ಟು ಕುಗ್ಗುತ್ತದೆ. ಎರಡನೇ ಗೇರ್‌ನ ಗರಿಷ್ಠ ವೇಗ ಅಷ್ಟೇ ಏರುವುದು ನಿಜ, ವೇಗದ ದಾರಿಯಲ್ಲಿ ಅದರಿಂದ ಲಾಭವೂ ಉಂಟು. ಆದರೆ ದೊಡ್ಡ ರಿಮ್ ಸಾಮಾನ್ಯವಾಗಿ ಭಾರ. ಚಕ್ರದ ಅಂಚಿನಲ್ಲಿರುವ ಪ್ರತಿ ಕಿಲೋ ಮುಂದಕ್ಕೂ ಸಾಗಬೇಕು, ತಿರುಗಲೂ ಬೇಕು. ವೇಗ ಹೆಚ್ಚಿಸುವಾಗ ಎಂಜಿನ್‌ಗೆ ಅದು ಹೆಚ್ಚುಕಡಿಮೆ ಎರಡು ಕಿಲೋ ಆಗಿ ಕಾಡುತ್ತದೆ. ಅಂದಕ್ಕಾಗಿ 17 ಇಂಚು ಹಾಕುವವರು ಸೆಕೆಂಡಿನ ಭಾಗಗಳನ್ನು ಕೈಯಾರೆ ಚೆಲ್ಲುತ್ತಾರೆ.

ಆದ್ದರಿಂದ ಮೊದಲು ನಿಯಮ ಓದಿ. ಅಮೆರಿಕದಲ್ಲಿ ಆಟೋಕ್ರಾಸ್ ನಡೆಸುವ ಎಸ್‌ಸಿಸಿಎ ಸಂಸ್ಥೆಯ ಸ್ಟ್ರೀಟ್ ವರ್ಗದಲ್ಲಿ ರಿಮ್ ಅಗಲ ಕಂಪನಿ ಕೊಟ್ಟಷ್ಟೇ ಇರಬೇಕು, ಟೈರಿನ ಸವೆತದ ಅಂಕ (ಹೆಚ್ಚಿದ್ದಷ್ಟೂ ಟೈರ್ ನಿಧಾನವಾಗಿ ಸವೆಯುತ್ತದೆ) 200ಕ್ಕಿಂತ ಕಡಿಮೆ ಇರಬಾರದು. ಆಮೇಲೆ ಒಳ್ಳೆಯ ಟೈರ್ ಯಾವ ಅಳತೆಯಲ್ಲಿ ಸಿಗುತ್ತದೆಂದು ನೋಡಿ, ಕೊನೆಗೆ ಅದಕ್ಕೆ ಹೊಂದುವ ಹಗುರ ರಿಮ್ ಆರಿಸಿ. ಹೊಸಬರಾದರೆ ಕಾರಿನೊಡನೆ ಬಂದ ರಿಮ್ ಇರಲಿ, ಹಣವೆಲ್ಲ ಟೈರಿಗೆ ಹೋಗಲಿ.